ಇಂಪ್ಯಾಕ್ಟ್ ಅಕ್ಷರದ ಪಕ್ಕದಲ್ಲಿ ನಿಲ್ಲಬಲ್ಲ ದಪ್ಪ ಕನ್ನಡ ಫಾಂಟ್ ಯಾವುದು?

ರಂಗಸಂಘಟಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಹವ್ಯಾಸಿ ನಾಟಕ ತಂಡದ ಪ್ರಚಾರ ಸಾಮಗ್ರಿಯನ್ನು ಸಿದ್ಧಪಡಿಸುವ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ಹತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬಟ್ಟೆಯ ಬ್ಯಾನರ್, ಗೋಡೆಗೆ ಅಂಟಿಸುವ ಪೋಸ್ಟರ್, ಸ್ವಯಂಸೇವಕರ ಟೀ ಶರ್ಟ್ ಇವಿಷ್ಟೂ ಆಗಬೇಕು. ಜೊತೆಗೆ ನಮ್ಮ ತಾಲೀಮು ಕೊಠಡಿಯ ಬಾಗಿಲ ಮೇಲೆ ಶಾಶ್ವತವಾಗಿ ಉಳಿಯುವ ಒಂದು ನಾಮಫಲಕವೂ ಬೇಕಾಗಿದೆ. ಎಲ್ಲದರಲ್ಲೂ ತಲೆಬರಹ ‘ನಾಟಕ ಸಂಭ್ರಮ’ ಎಂದು ಕನ್ನಡದಲ್ಲಿಯೂ ‘ಥಿಯೇಟರ್ ಫೆಸ್ಟಿವಲ್’ ಎಂದು ಇಂಗ್ಲಿಷ್‌ನಲ್ಲಿಯೂ ಇರಬೇಕೆಂಬುದು ತಂಡದ ತೀರ್ಮಾನ.

ಇಂಗ್ಲಿಷ್ ಭಾಗವನ್ನು ವಿಂಡೋಸ್ ಜೊತೆಗೇ ಬರುವ ಇಂಪ್ಯಾಕ್ಟ್ ಎಂಬ ಫಾಂಟ್‌ನಲ್ಲಿ, ಎಲ್ಲವೂ ದೊಡ್ಡಕ್ಷರವಾಗಿರುವಂತೆ ಹಾಕಿದ್ದೇನೆ. ಅದು ಇಟ್ಟಿಗೆ ಜೋಡಿಸಿದ ಗೋಡೆಯಂತೆ ಗಟ್ಟಿಯಾಗಿ ನಿಂತಿದೆ, ದೂರದಿಂದಲೂ ಕಣ್ಣಿಗೆ ಹೊಡೆಯುತ್ತದೆ. ಆದರೆ ಅದರ ಮೇಲಿರುವ ಕನ್ನಡದ ಸಾಲಿಗೂ ಅದೇ ಫಾಂಟ್ ಆಯ್ದು, ದಪ್ಪ ಮಾಡುವ ಗುಂಡಿಯನ್ನು ಒತ್ತಿದರೆ ಅಕ್ಷರಗಳು ದಪ್ಪವಾಗುವುದಕ್ಕಿಂತ ಹೆಚ್ಚಾಗಿ ಊದಿಕೊಂಡಂತೆ ಕಾಣುತ್ತವೆ. ‘ಭ್ರ’ ಅಕ್ಷರವಂತೂ ಕೆಳಭಾಗದಲ್ಲಿ ಕಪ್ಪು ಮುದ್ದೆಯಾಗಿದೆ. ‘ಸಂ’ ಎಂಬಲ್ಲಿ ಸೊನ್ನೆಯ ಒಳಗಿನ ತೂತು ಹೆಚ್ಚುಕಡಿಮೆ ಮುಚ್ಚಿಯೇ ಹೋಗಿದೆ.

ನನ್ನ ಪ್ರಶ್ನೆಗಳು ಮೂರು. ಇಂಪ್ಯಾಕ್ಟ್‌ನಂತಹ ಅಕ್ಷರ ಯಾವ ಉದ್ದೇಶಕ್ಕಾಗಿ ಹುಟ್ಟಿತು, ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು? ಕನ್ನಡದಲ್ಲಿ ಅದಕ್ಕೆ ಸರಿಜೋಡಿಯಾಗಬಲ್ಲ, ಉಚಿತವಾಗಿ ಸಿಗುವ ಯೂನಿಕೋಡ್ (ಎಲ್ಲ ಗಣಕಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತದ) ಫಾಂಟ್ ಇದೆಯೇ? ಇದ್ದರೆ, ಬಟ್ಟೆಯ ಮೇಲೆ ಮುದ್ರಿಸುವಾಗ ಯಾವ ಎಚ್ಚರಿಕೆ ತೆಗೆದುಕೊಳ್ಳಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಯಮೊಳೆ

ನಿಮ್ಮ ಮೊದಲನೆಯ ಪ್ರಶ್ನೆಗೆ ಮಾತ್ರ ನಾನು ಉತ್ತರಿಸಬಲ್ಲೆ. ಕನ್ನಡದ ಭಾಗವನ್ನು ಇಲ್ಲಿರುವ ಬೇರೆ ಸದಸ್ಯರಿಗೆ ಬಿಡುತ್ತೇನೆ.

ಇಂಪ್ಯಾಕ್ಟ್ ಗಣಕಯಂತ್ರಕ್ಕಾಗಿ ಹುಟ್ಟಿದ ಅಕ್ಷರವೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಸೀಸದ ಅಚ್ಚುಮೊಳೆಯ ಕಾಲದ ಕೊನೆಯ ಘಟ್ಟಕ್ಕೆ ಸೇರಿದ್ದು. ಜಾಹೀರಾತು ವಿನ್ಯಾಸಕರಾಗಿದ್ದ ಜೆಫ್ರಿ ಲೀ ಎಂಬುವರು ಅದನ್ನು ರೂಪಿಸಿದರು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಸ್ಟೀಫನ್ಸನ್ ಬ್ಲೇಕ್ ಎಂಬ ಅಚ್ಚುಮೊಳೆ ಸಂಸ್ಥೆ 1965ರಲ್ಲಿ ಹೊರತಂದಿತು. ಕೊಟ್ಟ ಅಳತೆಯೊಳಗೆ ಕಾಗದದ ಮೇಲೆ ಸಾಧ್ಯವಾದಷ್ಟು ಹೆಚ್ಚು ಶಾಯಿ ಬೀಳಬೇಕು, ಸಣ್ಣಕ್ಷರಗಳ ಎತ್ತರ ಸಾಧ್ಯವಾದಷ್ಟು ಹೆಚ್ಚಿರಬೇಕು ಎಂಬುದೇ ತಮ್ಮ ಗುರಿಯಾಗಿತ್ತೆಂದು ಲೀ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಅಕ್ಷರದ ಪ್ರತಿಯೊಂದು ಲಕ್ಷಣವೂ ಈ ಗುರಿಯಿಂದಲೇ ಹುಟ್ಟಿದೆ. ನಿಂತ ಗೆರೆಗಳು ತುಂಬ ದಪ್ಪ, ಅಡ್ಡ ಗೆರೆಗಳು ಅದಕ್ಕಿಂತ ತೆಳು. ಅಕ್ಷರದೊಳಗಿನ ಖಾಲಿ ಜಾಗ ಒಂದು ಸೀಳಿನಷ್ಟೇ. ‘ಸಿ’, ‘ಎಸ್’ ಮುಂತಾದ ಅಕ್ಷರಗಳ ಬಾಯಿ ಬಹುತೇಕ ಮುಚ್ಚಿದೆ. ಸಣ್ಣಕ್ಷರಗಳು ದೊಡ್ಡಕ್ಷರಗಳ ಮುಕ್ಕಾಲು ಭಾಗದಷ್ಟು ಎತ್ತರವಿದ್ದು, ಗೆರೆಯ ಮೇಲಕ್ಕೂ ಕೆಳಕ್ಕೂ ಚಾಚುವ ಭಾಗಗಳು ಮೊಟಕಾಗಿವೆ. ಹೀಗಾಗಿ ಒಂದು ಪದವನ್ನು ಜೋಡಿಸಿದರೆ ಅದು ಅಕ್ಷರಗಳ ಸಾಲಿನಂತೆ ಕಾಣದೆ ಒಂದೇ ಆಯತದಂತೆ ಕಾಣುತ್ತದೆ.

ಆ ದಶಕದಲ್ಲಿ ಇಂತಹ ಇಕ್ಕಟ್ಟಾದ ದಪ್ಪಕ್ಷರಗಳ ಹಂಬಲ ಯೂರೋಪಿನಲ್ಲಿ ವ್ಯಾಪಕವಾಗಿತ್ತು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಟೆನ್‌ಶ್ವೈಲರ್ 1954ರಲ್ಲಿ ರೂಪಿಸಿದ ಷ್ಮಾಲ್‌ಫೆಟ್ಟೆ ಗ್ರೊಟೆಸ್ಕ್ ಎಂಬ ಅಕ್ಷರ ಜರ್ಮನಿಯ ಪತ್ರಿಕೆಗಳ ಮೂಲಕ ವಿನ್ಯಾಸಕರ ಕಣ್ಣಿಗೆ ಬಿದ್ದಿತ್ತು, ಆದರೆ ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. 1963ರಲ್ಲಿ ಲೆಟ್ರಾಸೆಟ್ ಸಂಸ್ಥೆಯಿಂದ ಫ್ರೆಡ್ ಲ್ಯಾಂಬರ್ಟ್ ಅವರ ಕಾಂಪ್ಯಾಕ್ಟಾ ಬಂತು. ಇಂಪ್ಯಾಕ್ಟ್ ಈ ಸಾಲಿನಲ್ಲಿ ಬಂದದ್ದು. ಮುಂದೆ ಅದರ ಹಕ್ಕು ಮೋನೋಟೈಪ್ ಸಂಸ್ಥೆಗೆ ಸೇರಿತು. ಮೈಕ್ರೋಸಾಫ್ಟ್ ಸಂಸ್ಥೆ 1996ರಲ್ಲಿ ಜಾಲತಾಣಗಳಿಗೆಂದು ಉಚಿತವಾಗಿ ಹಂಚತೊಡಗಿದ ಫಾಂಟ್‌ಗಳ ಗುಂಪಿನಲ್ಲಿ ಅದನ್ನೂ ಸೇರಿಸಿದ್ದರಿಂದ ಅದು ಮನೆಮನೆಯ ಗಣಕಯಂತ್ರಕ್ಕೆ ತಲುಪಿತು. ಚಿತ್ರದ ಮೇಲೂ ಕೆಳಗೂ ಕಪ್ಪು ಅಂಚಿನ ಬಿಳಿ ಅಕ್ಷರ ಹಾಕುವ ಮೀಮ್‌ಗಳಿಗೆ ಅದೇ ಖಾಯಂ ಅಕ್ಷರವಾದದ್ದಕ್ಕೆ ಕಾರಣಗಳು ಸರಳ: ಅದು ಎಲ್ಲರ ಬಳಿಯೂ ಇತ್ತು, ಮತ್ತು ಅಷ್ಟು ದಪ್ಪದ ಅಕ್ಷರಕ್ಕೆ ಅಂಚು ಕೊಟ್ಟರೆ ಹಿನ್ನೆಲೆಯಲ್ಲಿ ಆಕಾಶವಿರಲಿ, ಕಾಡಿರಲಿ, ಓದಲು ತೊಡಕಿರುವುದಿಲ್ಲ.

ನೀವು ನಾಟಕದವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ದಪ್ಪಕ್ಷರಗಳ ವಂಶವೇ ಪ್ರದರ್ಶನಗಳ ಭಿತ್ತಿಪತ್ರ, ಲಾಟರಿ ಪ್ರಕಟಣೆ, ಹರಾಜಿನ ನೋಟೀಸುಗಳ ಜೊತೆ ಬೆಳೆದದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಅಚ್ಚುಮೊಳೆಯೆಂದರೆ ಪುಸ್ತಕದ ಅಕ್ಷರವೇ. ಗೋಡೆಗೆ ಬೇಕಾದಾಗ ಅದನ್ನೇ ದೊಡ್ಡದು ಮಾಡುತ್ತಿದ್ದರು. ಲಂಡನ್ನಿನಲ್ಲಿ ರಾಬರ್ಟ್ ಥಾರ್ನ್ ಉಬ್ಬಿದ ಗೆರೆಗಳ ಅಕ್ಷರಗಳನ್ನು ತಂದರು, ವಿನ್ಸೆಂಟ್ ಫಿಗಿನ್ಸ್ 1815ರ ಹೊತ್ತಿಗೆ ಗೆರೆಗಳ ತುದಿಯಲ್ಲಿ ಚೌಕಾಕಾರದ ಪಾದಗಳಿರುವ ದಪ್ಪಕ್ಷರವನ್ನು ತೋರಿಸಿದರು, ಮರುವರ್ಷವೇ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಅವರ ಮಾದರಿ ಪುಸ್ತಕದಲ್ಲಿ ಪಾದವೇ ಇಲ್ಲದ ದೊಡ್ಡಕ್ಷರಗಳು ಕಾಣಿಸಿಕೊಂಡವು. ಗೋಡೆಗೆ ಬೇಕಾದಷ್ಟು ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ಅದು ಹೊರಲಾಗದಷ್ಟು ಭಾರ, ತಣಿಯುವಾಗ ಮೇಲ್ಮೈ ಸಮವಾಗಿ ಉಳಿಯುವುದೂ ಕಷ್ಟ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಕೊಂಡ ಬಳಿಕ ಆ ತೊಡಕು ನಿವಾರಣೆಯಾಯಿತು.

ಎಲ್ಲಿ ಬಳಸಬಾರದು ಎಂಬುದಕ್ಕೆ: ಎರಡು ಸಾಲಿಗಿಂತ ಹೆಚ್ಚಿನ ಬರಹಕ್ಕೆ, ಹದಿನೆಂಟು ಪಾಯಿಂಟ್‌ಗಿಂತ ಸಣ್ಣ ಗಾತ್ರಕ್ಕೆ ಇದನ್ನು ಹಾಕಬೇಡಿ. ದಿನಾಂಕ, ಸ್ಥಳ, ಪಾತ್ರವರ್ಗ ಇವೆಲ್ಲ ಸಾಧಾರಣ ತೂಕದ, ಅಂದರೆ ಸಾಧಾರಣ ಗೆರೆದಪ್ಪದ, ಅಕ್ಷರದಲ್ಲಿರಲಿ. ಇಂಪ್ಯಾಕ್ಟ್ ಮೇಲೆ ದಪ್ಪದ ಗುಂಡಿಯನ್ನು ಎಂದೂ ಒತ್ತಬೇಡಿ. ವಿಂಡೋಸ್ ಜೊತೆ ಬರುವುದು ಅದರ ಒಂದೇ ತೂಕ, ಆದ್ದರಿಂದ ತಂತ್ರಾಂಶವು ಇರುವ ಅಕ್ಷರದ ಅಂಚನ್ನೇ ಹೊರಕ್ಕೂ ಒಳಕ್ಕೂ ಹಿಗ್ಗಿಸಿ, ಲೀ ಅಳೆದು ಉಳಿಸಿದ್ದ ಸೀಳುಗಳನ್ನೂ ಮುಚ್ಚಿಬಿಡುತ್ತದೆ.

ಅಕ್ಷರಶಿಲ್ಪ

ಹಳೆಯಮೊಳೆಯವರ ಕೊನೆಯ ಮಾತಿನಿಂದಲೇ ನಿಮ್ಮ ಕನ್ನಡದ ತೊಂದರೆಗೆ ಬರುತ್ತೇನೆ. ಇಂಪ್ಯಾಕ್ಟ್‌ನಲ್ಲಿ ಕನ್ನಡ ಲಿಪಿಯೇ ಇಲ್ಲ. ನೀವು ಆ ಫಾಂಟ್ ಆಯ್ದು ಕನ್ನಡ ಬರೆದಾಗ ತಂತ್ರಾಂಶವು ಸದ್ದಿಲ್ಲದೆ ಬೇರೆ ಫಾಂಟ್‌ಗೆ, ವಿಂಡೋಸ್‌ನಲ್ಲಾದರೆ ಸಾಮಾನ್ಯವಾಗಿ ನಿರ್ಮಲಾ ಅಥವಾ ತುಂಗಾಕ್ಕೆ, ಜಾರಿಕೊಳ್ಳುತ್ತದೆ; ಮೆನುವಿನಲ್ಲಿ ಹೆಸರು ಇಂಪ್ಯಾಕ್ಟ್ ಎಂದೇ ಉಳಿದಿರಲೂಬಹುದು. ಆ ಫಾಂಟ್‌ಗಳು ಪರದೆಯ ಮೇಲೆ ಸಣ್ಣ ಗಾತ್ರದಲ್ಲಿ ಓದಲೆಂದು ಮಾಡಿದವು. ಅವುಗಳನ್ನು ಕೃತಕವಾಗಿ ದಪ್ಪ ಮಾಡಿ ಹತ್ತು ಅಡಿಯ ಬ್ಯಾನರ್‌ಗೆ ಎಳೆದರೆ ನೀವು ಹೇಳಿದ ಊತವೇ ಫಲ.

ಆದರೆ ಸರಿಯಾದ ಫಾಂಟ್ ಹುಡುಕಿದ ಮಾತ್ರಕ್ಕೆ ಕನ್ನಡದ ಸಾಲು ಇಂಪ್ಯಾಕ್ಟ್‌ನಂತೆ ಆಯತವಾಗಿ ನಿಲ್ಲುವುದಿಲ್ಲ, ನಿಲ್ಲಬೇಕೆಂದು ಹಟ ಹಿಡಿಯಲೂಬಾರದು. ಇಂಗ್ಲಿಷ್‌ನ ದೊಡ್ಡಕ್ಷರಗಳು ಮೇಲೊಂದು, ಕೆಳಗೊಂದು ಸರಳರೇಖೆಯ ನಡುವೆ ತುಂಬಿಕೊಳ್ಳುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ, ಮೇಲಿನ ಅಂಚು ಸಮವೂ ಅಲ್ಲ. ನಿಮ್ಮ ಶೀರ್ಷಿಕೆಯನ್ನೇ ನೋಡಿ: ‘ನಾ’, ‘ಕ’ ಅಕ್ಷರಗಳಿಗೆ ತಲೆಕಟ್ಟಿದೆ, ನಡುವಿನ ‘ಟ’ಕ್ಕೆ ಅಂತಹ ತಲೆಕಟ್ಟಿಲ್ಲ. ‘ಭ್ರ’ದಲ್ಲಂತೂ ಮೇಲಿನಿಂದ ಕೆಳಕ್ಕೆ ತಲೆಕಟ್ಟು, ದುಂಡು ಒಡಲು, ಮಹಾಪ್ರಾಣದ ಹೊಟ್ಟೆಸೀಳು, ಅದರ ಕೆಳಗೆ ‘ರ’ ಒತ್ತು ಹೀಗೆ ಒಂದರ ಕೆಳಗೊಂದು ಗೆರೆಗಳು ಸಾಲುಗಟ್ಟಿವೆ. ಇಂಗ್ಲಿಷ್‌ನ ‘ಎಚ್’ ಅಕ್ಷರಕ್ಕೆ ನಿಂತ ಗೆರೆ ಎರಡು, ಅಡ್ಡ ಗೆರೆ ಒಂದು, ಅಷ್ಟೇ. ಗೆರೆಗಳ ಸಂಖ್ಯೆ ಹೆಚ್ಚಿರುವ ಅಕ್ಷರಕ್ಕೂ ಅದೇ ದಪ್ಪ ಕೊಟ್ಟರೆ ಒಳಗಿನ ಬಯಲು ಉಳಿಯಲು ಸ್ಥಳವೇ ಇರುವುದಿಲ್ಲ.

ಇಲ್ಲಿ ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’ ಇವುಗಳ ನಡುವಿನ ವ್ಯತ್ಯಾಸವೆಲ್ಲ ಆ ಒಂದು ಸೀಳಿನ ಮೇಲೆ ನಿಂತಿದೆ ಎಂಬುದನ್ನು ಮರೆಯಬಾರದು. ಇಂಗ್ಲಿಷ್‌ನಲ್ಲಿ ‘ಎ’ ಅಕ್ಷರದ ಒಳಬಯಲು ತುಂಬಿಹೋದರೂ ಓದುಗ ಅದನ್ನು ‘ಎ’ ಎಂದೇ ಓದುತ್ತಾನೆ. ಕನ್ನಡದಲ್ಲಿ ಸೀಳು ತುಂಬಿದರೆ ‘ಧನ’ ಹೋಗಿ ‘ದನ’ವಾಗುತ್ತದೆ. ಆದ್ದರಿಂದ ಒಳ್ಳೆಯ ದಪ್ಪ ಕನ್ನಡ ಫಾಂಟ್ ಮಾಡುವವರು ಎಲ್ಲ ಗೆರೆಗಳನ್ನೂ ಒಂದೇ ಪ್ರಮಾಣದಲ್ಲಿ ದಪ್ಪ ಮಾಡುವುದಿಲ್ಲ. ಬದಿಯ ಗೆರೆಗಳಿಗೆ ದಪ್ಪವನ್ನು ತುಂಬಿ, ಒಂದರ ಮೇಲೊಂದು ಬರುವ ಅಡ್ಡ ಗೆರೆಗಳನ್ನು ತೆಳ್ಳಗಿಡುತ್ತಾರೆ. ಗೆರೆಗಳು ಕೂಡುವ ಮೂಲೆಗಳನ್ನು ಸ್ವಲ್ಪ ಕೊರೆಯುತ್ತಾರೆ. ಒಡಲಿನ ದುಂಡನ್ನು ಬದಿಗಳಲ್ಲಿ ಚಪ್ಪಟೆ ಮಾಡಿ ಒಳಗೆ ಜಾಗ ಗಳಿಸುತ್ತಾರೆ. ಕನ್ನಡಕ್ಕೆ ಚೌಕದ ಗಟ್ಟಿತನ ಬರಬೇಕಾದದ್ದು ಈ ಚಪ್ಪಟೆ ಬದಿಗಳಿಂದ. ಮೇಲೆ ಕೆಳಗೆ ಕತ್ತರಿಸಿ ಸಮ ಮಾಡಲು ಹೋದರೆ ತಲೆಕಟ್ಟೂ ಒತ್ತೂ ಕುಬ್ಜವಾಗಿ ಅಕ್ಷರವೇ ಅಕ್ಷರದಂತೆ ಕಾಣದು.

ಉಚಿತವಾಗಿ ಸಿಗುವವುಗಳಲ್ಲಿ ನಾನು ಮೊದಲು ಸೂಚಿಸುವುದು ಅನೇಕ್ ಕನ್ನಡ. ಏಕ್ ಟೈಪ್ ಬಳಗದವರು ಭಾರತದ ಹಲವು ಲಿಪಿಗಳಿಗೆ ಒಟ್ಟಾಗಿ ರೂಪಿಸಿ 2022ರಲ್ಲಿ ಬಿಡುಗಡೆ ಮಾಡಿದ ಕುಟುಂಬವಿದು. ಇದರಲ್ಲಿ ತೂಕವನ್ನು 100ರಿಂದ 800ರವರೆಗೆ, ಅಗಲವನ್ನು 75ರಿಂದ 125ರವರೆಗೆ ಬೇಕಾದಂತೆ ಹೊಂದಿಸಬಹುದು. ಅಗಲವನ್ನು ಹೀಗೆ ಹೊಂದಿಸಬಹುದಾದ ಕನ್ನಡ ಫಾಂಟ್‌ಗಳು ಬೆರಳೆಣಿಕೆಯಷ್ಟು. ಅಕ್ಷರವನ್ನು ತಂತ್ರಾಂಶದಲ್ಲಿ ಅಡ್ಡಡ್ಡ ಹಿಸುಕಿದರೆ ನಿಂತ ಗೆರೆಗಳು ಮಾತ್ರ ತೆಳ್ಳಗಾಗಿ ವಿನ್ಯಾಸ ಕೆಡುತ್ತದೆ. ಇಲ್ಲಿ ಕಿರಿದಾದ ರೂಪವನ್ನೇ ಪ್ರತ್ಯೇಕವಾಗಿ ಬಿಡಿಸಿರುವುದರಿಂದ ಗೆರೆಯ ದಪ್ಪ ಉಳಿಯುತ್ತದೆ. ಕಿರಿದಾದ ಅಗಲದಲ್ಲಿ 700 ಅಥವಾ 800 ತೂಕ ಇಂಪ್ಯಾಕ್ಟ್‌ನ ಪಕ್ಕದಲ್ಲಿ ಮುಜುಗರವಿಲ್ಲದೆ ನಿಲ್ಲುತ್ತದೆ. ಎರಡನೆಯದು ಅದೇ ಬಳಗದ ಬಾಲೂ ತಮ್ಮ. ಮೊದಲು ಒಂದೇ ದಪ್ಪ ತೂಕದಲ್ಲಿ ಬಂದು, ಈಗ ಬಾಲೂ ತಮ್ಮ 2 ಎಂಬ ಹೆಸರಿನಲ್ಲಿ 400ರಿಂದ 800ರವರೆಗೆ ದೊರೆಯುತ್ತದೆ. ಅದು ಬಹಳ ಸೊಗಸಾದ ದಪ್ಪಕ್ಷರ, ಆದರೆ ಅದರ ಗೆರೆಗಳ ತುದಿ ದುಂಡಗಿರುವುದರಿಂದ ಕತ್ತರಿಸಿದ ತುದಿಗಳ ಇಂಪ್ಯಾಕ್ಟ್‌ಗೆ ಹೊಂದುವುದಿಲ್ಲ. ಬಾಲೂ ಆರಿಸಿಕೊಂಡರೆ ಇಂಗ್ಲಿಷನ್ನೂ ಅದರಲ್ಲಿಯೇ ಹಾಕಿ. ಮಕ್ಕಳ ನಾಟಕವಾದರೆ ನನ್ನ ಮತ ಅದಕ್ಕೇ. ನೋಟೋ ಸಾನ್ಸ್ ಕನ್ನಡದಲ್ಲಿ 900ರವರೆಗೂ ತೂಕವಿದೆ. ನಿರ್ದೋಷವಾದರೂ ಅದು ಸರ್ಕಾರಿ ಸುತ್ತೋಲೆಯ ಮುಖ, ನಾಟಕದ್ದಲ್ಲ.

ಜೋಡಿಸುವಾಗ ಗೆರೆಯ ದಪ್ಪವನ್ನು ಅಳೆದು ಸಮ ಮಾಡಲು ಹೋಗಬೇಡಿ. ಕಣ್ಣು ಕಿರಿದು ಮಾಡಿ ನೋಡಿದಾಗ ಎರಡೂ ಸಾಲುಗಳ ಕಪ್ಪು ಒಂದೇ ಮಟ್ಟದಲ್ಲಿ ಕಾಣಬೇಕು. ಅದಕ್ಕಾಗಿ ಕನ್ನಡದ ಗೆರೆ ಇಂಗ್ಲಿಷ್‌ಗಿಂತ ಸ್ವಲ್ಪ ತೆಳ್ಳಗೇ ಇರಬೇಕಾಗುತ್ತದೆ. ಗಾತ್ರದಲ್ಲಿ ಮಾತ್ರ ಕನ್ನಡಕ್ಕೆ ಧಾರಾಳವಾಗಿ ಕೊಡಿ: ಮೇಲಿನ ಗುಡಿಸು, ಕೆಳಗಿನ ಒತ್ತು ಎರಡಕ್ಕೂ ಸ್ಥಳ ಬಿಡಬೇಕಾದ್ದರಿಂದ ಅದೇ ಪಾಯಿಂಟ್ ಅಳತೆಯಲ್ಲಿ ಕನ್ನಡದ ಒಡಲು ಚಿಕ್ಕದಾಗಿಯೇ ಕಾಣುತ್ತದೆ. ಶೇಕಡಾ 20ರಿಂದ 40ರಷ್ಟು ಹಿಗ್ಗಿಸಿ ಕಣ್ಣಳತೆಯಲ್ಲಿ ನಿರ್ಧರಿಸಿ. ಇನ್ನೊಂದು ಸಲಹೆಯನ್ನು ನೀವು ಒಪ್ಪುವಿರೋ ಇಲ್ಲವೋ ಕಾಣೆ: ಇಂಗ್ಲಿಷನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕದೆ, ಮೊದಲಕ್ಷರ ಮಾತ್ರ ದೊಡ್ಡದಾಗಿ ಹಾಕಿ ನೋಡಿ. ಇಂಪ್ಯಾಕ್ಟ್‌ನ ಸಣ್ಣಕ್ಷರಗಳು ಎತ್ತರವಾಗಿರುವುದರಿಂದ ತೂಕ ಕಳೆದುಹೋಗುವುದಿಲ್ಲ, ಮೇಲೆ ಕೆಳಗೆ ಚಾಚುವ ಸ್ವಲ್ಪ ಏರಿಳಿತ ಬರುವುದರಿಂದ ಕನ್ನಡದ ಸಾಲಿನೊಂದಿಗೆ ಅದು ಹೆಚ್ಚು ಹೊಂದಿಕೊಳ್ಳುತ್ತದೆ.

ನಾಮಫಲಕದ ಬಗ್ಗೆ ಒಂದು ಮಾತು. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಪ್ರಕಾರ ವಾಣಿಜ್ಯ ಮಳಿಗೆ, ಸಂಘ ಸಂಸ್ಥೆ ಮುಂತಾದವುಗಳ ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲರ್ಧದಲ್ಲಿರಬೇಕು. ಇಂಗ್ಲಿಷ್ ಸಾಲು ಅಷ್ಟು ಕಪ್ಪಾಗಿದ್ದರೆ ವಿಸ್ತೀರ್ಣದಲ್ಲಿ ಲೆಕ್ಕ ಸರಿಹೋದರೂ ಕಣ್ಣು ಮೊದಲು ಕೆಳಕ್ಕೇ ಹೋಗುತ್ತದೆ. ಫಲಕಕ್ಕಾದರೂ ಇಂಗ್ಲಿಷನ್ನು ಹಗುರ ತೂಕದಲ್ಲಿ ಹಾಕಿ.

ರಂಗಸಂಘಟಕ

ಇಬ್ಬರಿಗೂ ಧನ್ಯವಾದಗಳು. ಅನೇಕ್ ಕನ್ನಡವನ್ನು ಇಳಿಸಿಕೊಂಡು 800 ತೂಕದಲ್ಲಿ ಹಾಕಿ ನೋಡಿದೆ. ‘ಭ್ರ’ದ ಸೀಳು ಈಗ ಸ್ಪಷ್ಟವಾಗಿದೆ. ಆದರೆ ಹಿನ್ನೆಲೆಯಲ್ಲಿ ಛಾಯಾಚಿತ್ರವಿರುವ ಪೋಸ್ಟರ್‌ಗಾಗಿ ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕೊಟ್ಟಾಗ, ಅಕ್ಷರದ ಒಳಗೆ ಒತ್ತು ಸೇರುವ ಕಡೆ, ತಲೆಕಟ್ಟು ಕೂಡುವ ಕಡೆ ಅಡ್ಡಾದಿಡ್ಡಿ ಕಪ್ಪು ಗೆರೆಗಳು ಕಾಣಿಸಿಕೊಂಡವು. ಇಂಗ್ಲಿಷ್ ಸಾಲಿನಲ್ಲಿ ಇಂತಹ ಗೆರೆಗಳಿಲ್ಲ. ಫಾಂಟ್‌ನಲ್ಲಿಯೇ ದೋಷವಿದೆಯೇ? ಅಲ್ಲದೆ ನಮ್ಮೂರಿನ ಡಿಟಿಪಿ ಕೇಂದ್ರದವರು ಕಡತವನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿಯೇ ಕೊಡಬೇಕೆನ್ನುತ್ತಿದ್ದಾರೆ.

ಪರದೆಮುದ್ರಣ

ಸ್ಕ್ರೀನ್ ಪ್ರಿಂಟಿಂಗ್ ನನ್ನ ವೃತ್ತಿ, ಆದ್ದರಿಂದ ಈ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ಫಾಂಟ್‌ನಲ್ಲಿ ದೋಷವಿಲ್ಲ. ತೂಕ, ಅಗಲಗಳನ್ನು ಜಗ್ಗಿ ಹೊಂದಿಸಬಹುದಾದ ಫಾಂಟ್‌ಗಳಲ್ಲಿ ಒಂದು ಅಕ್ಷರವನ್ನು ಹಲವು ಬಿಡಿ ಆಕಾರಗಳಾಗಿ ಒಂದರ ಮೇಲೊಂದು ಹೊದಿಸಿ ಬಿಡಿಸಿರುತ್ತಾರೆ. ಬಣ್ಣ ತುಂಬಿದಾಗ ಅವು ಒಂದೇ ಆಗಿ ಕಾಣುತ್ತವೆ, ಅಂಚು ಕೊಟ್ಟ ಕೂಡಲೇ ಪ್ರತಿಯೊಂದರ ಗಡಿಯೂ ಬಯಲಾಗುತ್ತದೆ. ಕನ್ನಡದಲ್ಲಿ ಒತ್ತು, ಕೊಂಬು, ದೀರ್ಘಗಳು ಪ್ರತ್ಯೇಕ ತುಣುಕುಗಳಾಗಿ ಬಂದು ಸೇರುವುದರಿಂದ ಇದು ಇನ್ನೂ ಹೆಚ್ಚು. ಪರಿಹಾರ ಸುಲಭ: ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಬರೀ ಗೆರೆಯ ಆಕಾರಗಳಿಗೆ, ಬದಲಾಯಿಸಿ, ಎಲ್ಲವನ್ನೂ ಆಯ್ದು, ಕೋರೆಲ್ ಡ್ರಾ ಬಳಸುವವರಾದರೆ ವೆಲ್ಡ್, ಇಲ್ಲಸ್ಟ್ರೇಟರ್ ಆದರೆ ಯುನೈಟ್, ಇಂಕ್‌ಸ್ಕೇಪ್ ಆದರೆ ಯೂನಿಯನ್ ಎಂಬ ಆಜ್ಞೆಯನ್ನು ಕೊಡಿ, ಆಮೇಲೆ ಅಂಚು ಹಾಕಿ. ಆದರೆ ಬೆಸೆಯುವ ಮುನ್ನ ಕಾಗುಣಿತವನ್ನು ಇನ್ನೊಬ್ಬರಿಂದ ಓದಿಸಿ, ಏಕೆಂದರೆ ಆಮೇಲೆ ತಿದ್ದಲು ಬರುವುದಿಲ್ಲ.

ಅಂಚು ಹಾಕುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಬಹುತೇಕ ತಂತ್ರಾಂಶಗಳು ಅಂಚನ್ನು ಅಕ್ಷರದ ಗಡಿಗೆರೆಯ ಮೇಲೆಯೇ ಕೂರಿಸುತ್ತವೆ. ಅರ್ಧ ಹೊರಗೆ, ಅರ್ಧ ಒಳಗೆ. ಒಳಗಿನ ಅರ್ಧ ಅಕ್ಷರದ ಬಿಳಿಯನ್ನು ತಿನ್ನುತ್ತದೆ, ಹೊರಗಿನ ಅರ್ಧ ಸೊನ್ನೆಯ ತೂತನ್ನೂ ಹೊಟ್ಟೆಸೀಳನ್ನೂ ತಿನ್ನುತ್ತದೆ. ಇಂಪ್ಯಾಕ್ಟ್‌ನ ದಪ್ಪ ಗೆರೆ ಇದನ್ನು ತಾಳಿಕೊಂಡೀತು, ಕನ್ನಡದ ತೆಳು ಅಡ್ಡ ಗೆರೆ ತಾಳುವುದಿಲ್ಲ. ಆದ್ದರಿಂದ ಅಂಚಿರುವ ಪ್ರತಿಯನ್ನು ಹಿಂದಿನ ಪದರದಲ್ಲಿಟ್ಟು, ಅಂಚಿಲ್ಲದ ಶುದ್ಧ ಅಕ್ಷರವನ್ನು ಅದರ ಮೇಲೆ ಸರಿಯಾಗಿ ಕೂರಿಸಿ. ಕನ್ನಡಕ್ಕೆ ಅಂಚಿನ ದಪ್ಪವನ್ನು ಇಂಗ್ಲಿಷ್‌ಗಿಂತ ಕಡಿಮೆ ಇಡಿ. ಅದಕ್ಕಿಂತ ಒಳ್ಳೆಯದೆಂದರೆ ಅಂಚನ್ನೇ ಬಿಟ್ಟು, ಚಿತ್ರದ ಆ ಭಾಗವನ್ನು ಕಪ್ಪಾಗಿಸಿ ಬಿಳಿ ಅಕ್ಷರ ಹಾಕುವುದು.

ಬ್ಯಾನರ್ ವಿಷಯಕ್ಕೆ ಬರೋಣ. ಬಟ್ಟೆಯ ಬ್ಯಾನರ್ ಆರಿಸಿಕೊಂಡದ್ದು ಸರಿಯಾಗಿದೆ. ನಮ್ಮ ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿತ್ತು ಎಂಬುದನ್ನು ಎಷ್ಟೋ ಊರುಗಳು ಮರೆತೇಬಿಟ್ಟಿವೆ. ಹತ್ತಿಬಟ್ಟೆ ಶಾಯಿಯನ್ನು ಹೀರಿ ನೂಲಿನಗುಂಟ ಹರಡುತ್ತದೆ. ಒಂದು ಅಡಿ ಎತ್ತರದ ತಲೆಬರಹಕ್ಕೆ ಇದರಿಂದ ಅಪಾಯವಿಲ್ಲ, ಆದರೆ ಟೀ ಶರ್ಟಿನ ಮೇಲಿನ ಎರಡು ಇಂಚಿನ ಅಕ್ಷರದಲ್ಲಿ ಸೀಳು ಮುಚ್ಚಿಹೋಗಬಹುದು. ಟೀ ಶರ್ಟಿಗೆ ಅದೇ ಫಾಂಟ್‌ನ 600 ತೂಕವನ್ನು ಬಳಸಿ. ಬಟ್ಟೆಯ ಮೇಲೆ ಅದೇ 700ರಂತೆ ಕಾಣುತ್ತದೆ. ಅತಿ ಸಣ್ಣ ಸೀಳು ಎರಡು ಮಿಲಿಮೀಟರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು ನನ್ನ ರೂಢಿ.

ತಲೆಬರಹಕ್ಕೆ ನಿಜವಾದ ಮಿತಿ ಶಾಯಿಯಲ್ಲ, ನೋಡುವವನ ಕಣ್ಣು. ಆರೋಗ್ಯವಂತ ಕಣ್ಣು ಎರಡು ಗೆರೆಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ ಮೂವತ್ತು ಮೀಟರ್ ದೂರದಲ್ಲಿ ಅವುಗಳ ನಡುವೆ ಸುಮಾರು ಒಂಬತ್ತು ಮಿಲಿಮೀಟರ್ ಅಂತರ ಬೇಕು. ಅಂದರೆ ಒಂದು ಅಡಿ ಎತ್ತರದ ಅಕ್ಷರದಲ್ಲಿ ಹೊಟ್ಟೆಸೀಳು ಎತ್ತರದ ನೂರರಲ್ಲಿ ಮೂರು ಪಾಲಿಗಿಂತ ಸಣ್ಣದಾಗಿದ್ದರೆ, ಮುದ್ರಣ ಎಷ್ಟೇ ಚೊಕ್ಕಟವಾಗಿರಲಿ, ರಸ್ತೆಯ ಆಚೆಬದಿಯವನಿಗೆ ‘ಭ’ದ ಸೀಳು ಕಾಣುವುದೇ ಇಲ್ಲ. ಪರೀಕ್ಷೆಗೆ ಬ್ಯಾನರ್ ಮುದ್ರಿಸಬೇಕಾಗಿಲ್ಲ. ಹತ್ತು ಅಡಿಯ ವಿನ್ಯಾಸವನ್ನು ಎ4 ಹಾಳೆಯ ಉದ್ದಕ್ಕೆ ತುಂಬುವಂತೆ ಮುದ್ರಿಸಿದರೆ ಅದು ಹತ್ತನೆಯ ಒಂದು ಪಾಲಾಗುತ್ತದೆ. ಆ ಹಾಳೆಯನ್ನು ಗೋಡೆಗಂಟಿಸಿ ಮೂರು ಮೀಟರ್ ದೂರ ನಿಂತು ನೋಡಿದರೆ ಮೂವತ್ತು ಮೀಟರಿನ ನೋಟ ಸಿಗುತ್ತದೆ.

ನುಡಿಯ ಬಗ್ಗೆ: ಆ ಕೇಂದ್ರದವರ ಬಳಿ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶ ಇರಬಹುದು, ಅದು ಯೂನಿಕೋಡ್ ಕನ್ನಡವನ್ನು ತೆಗೆದುಕೊಳ್ಳುವುದಿಲ್ಲ. ಅಕ್ಷರಗಳನ್ನು ಕರ್ವ್ ಮಾಡಿದ ಪಿಡಿಎಫ್ ಕೊಟ್ಟರೆ ಅವರ ಬಳಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ನೀವೇ ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಕೆಲಸ ಮಾಡುವುದಾದರೆ, ಅಕ್ಷರದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಇರುವುದನ್ನು ಆರಿಸಿಕೊಳ್ಳಿ. ಇಲ್ಲವಾದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತವೆ.

ಗೆರೆಬರಹ

ಮೇಲಿನ ತಾಂತ್ರಿಕ ಸಲಹೆಗಳೆಲ್ಲವೂ ಸರಿ. ಆದರೆ ಮೂಲ ಆಯ್ಕೆಯ ಬಗ್ಗೆಯೇ ನನಗೆ ಭಿನ್ನಾಭಿಪ್ರಾಯವಿದೆ. ಇಂಪ್ಯಾಕ್ಟ್‌ನಲ್ಲಿ, ಅದರಲ್ಲಿಯೂ ಕಪ್ಪು ಅಂಚಿನ ಬಿಳಿ ದೊಡ್ಡಕ್ಷರದಲ್ಲಿ ನಾಟಕದ ಹೆಸರನ್ನು ಕಂಡರೆ ಇಂದಿನ ಕಾಲೇಜು ಹುಡುಗರಿಗೆ ಬೆಕ್ಕಿನ ಮೀಮ್ ನೆನಪಾಗುತ್ತದೆಯೇ ಹೊರತು ರಂಗಮಂದಿರವಲ್ಲ. ಹಾಸ್ಯನಾಟಕವಾದರೆ ಅದನ್ನು ಬೇಕೆಂದೇ ಬಳಸಿಕೊಳ್ಳಬಹುದು. ಗಂಭೀರ ನಾಟಕಕ್ಕೆ ಅದು ಭಾರ. ಅದೇ ಇಕ್ಕಟ್ಟಾದ ಗಟ್ಟಿತನ ಬೇಕಾದರೆ ವರ್ನನ್ ಆ್ಯಡಮ್ಸ್ ಅವರ ಆ್ಯಂಟನ್ ಇದೆ. ಹಳೆಯ ಜಾಹೀರಾತು ಅಕ್ಷರಗಳನ್ನೇ ಪರದೆಗೆ ಒಗ್ಗಿಸಿ ಮಾಡಿದ್ದು, ಒಳಬಯಲು ಸ್ವಲ್ಪ ಹೆಚ್ಚು ತೆರೆದಿದೆ. ಮಾರಿಸ್ ಫುಲ್ಲರ್ ಬೆಂಟನ್ 1903ರಲ್ಲಿ ರೂಪಿಸಿದ ಆಲ್ಟರ್ನೇಟ್ ಗಾಥಿಕ್‌ನ ಪುನರುಜ್ಜೀವನವಾದ ಲೀಗ್ ಗಾಥಿಕ್ ಕೂಡ ಉಚಿತವಾಗಿ ಸಿಗುತ್ತದೆ, ಇನ್ನೂ ಸಪೂರವಾಗಿದೆ.

ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಕನ್ನಡದ ತಲೆಬರಹಕ್ಕೆ ಫಾಂಟ್ ಬೇಕೇ ಬೇಕೆಂದು ಯಾರು ಹೇಳಿದರು? ನಿಮ್ಮ ಶೀರ್ಷಿಕೆಯಲ್ಲಿರುವುದು ಆರೇ ಅಕ್ಷರ. ಗೋಡೆಬರಹ, ಅಂಗಡಿ ಬೋರ್ಡು ಬರೆಯುವ ಕಲಾವಿದರು ಪ್ರತಿ ತಾಲ್ಲೂಕಿನಲ್ಲಿಯೂ ಇನ್ನೂ ಇದ್ದಾರೆ. ಅವರು ಚಪ್ಪಟೆ ಬ್ರಶ್ ಹಿಡಿದು ಬರೆಯುವಾಗ ‘ಭ್ರ’ಕ್ಕೆ ಎಷ್ಟು ಜಾಗ ಬೇಕೋ ಅಷ್ಟನ್ನು ಪಕ್ಕದ ‘ಸಂ’ನಿಂದ ಕಸಿದುಕೊಳ್ಳುತ್ತಾರೆ, ‘ಮ’ದ ಬಾಲವನ್ನು ಬೇಕಾದಷ್ಟೇ ಎಳೆಯುತ್ತಾರೆ. ಎಲ್ಲ ಅಕ್ಷರಗಳ ಜೊತೆಗೂ ಹೊಂದಬೇಕಾದ ಫಾಂಟ್‌ಗೆ ಈ ಸ್ವಾತಂತ್ರ್ಯವಿಲ್ಲ. ಬರೆಸಿ, ಸ್ಕ್ಯಾನ್ ಮಾಡಿ, ಗೆರೆಗಳನ್ನು ಟ್ರೇಸ್ ಮಾಡಿದರೆ ಬ್ಯಾನರಿನಿಂದ ಟೀ ಶರ್ಟಿನವರೆಗೆ ಅದೇ ನಡೆಯುತ್ತದೆ.

ಅಕ್ಷರಶಿಲ್ಪ

ಗೆರೆಬರಹ ಅವರ ಮಾತನ್ನು ತಲೆಬರಹದ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ಬಜೆಟ್ಟೂ ಸಮಯವೂ ಇದ್ದರೆ ಬರೆಸುವುದೇ ಲೇಸು. ಆದರೆ ಪ್ರತಿದಿನದ ನಾಟಕದ ಹೆಸರು ಬೇರೆಬೇರೆಯಾಗಿದ್ದು, ಅವೆಲ್ಲವೂ ಒಂದೇ ಶೈಲಿಯಲ್ಲಿ ಪೋಸ್ಟರ್ ಸರಣಿಯಾಗಿ ಬರಬೇಕಾದರೆ ಫಾಂಟ್ ಅನಿವಾರ್ಯ.

ರಂಗಸಂಘಟಕ

ಹಾಗೆಯೇ ಇದೆ, ನಾಟಕಗಳ ಹೆಸರು ಬದಲಾಗುತ್ತವೆ. ಆದ್ದರಿಂದ ‘ನಾಟಕ ಸಂಭ್ರಮ’ ಎಂಬುದನ್ನು ಕೈಯಿಂದ ಬರೆಸಿ, ಉಳಿದ ಹೆಸರುಗಳಿಗೆ ಅನೇಕ್ ಬಳಸುವುದೆಂದು ತಂಡದಲ್ಲಿ ಮಾತಾಗಿದೆ. ಇಂಗ್ಲಿಷ್‌ಗೆ ಆ್ಯಂಟನ್ ಹಾಕುತ್ತೇವೆ. ಉಳಿದದ್ದು ಎರಡು ಸಂದೇಹ: ಎರಡು ಸಾಲಿನ ಹೆಸರುಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತಿದೆ, ಮತ್ತು ಈ ಫಾಂಟ್‌ಗಳನ್ನು ನಮ್ಮ ಜಾಲತಾಣದಲ್ಲಿ ಹಾಕಲು ಅನುಮತಿ ಬೇಕೇ?

ಅಕ್ಷರಶಿಲ್ಪ

ಆ್ಯಂಟನ್, ಅನೇಕ್, ಬಾಲೂ ಮೂರೂ ಮುಕ್ತ ಫಾಂಟ್ ಪರವಾನಗಿಯಡಿ ಇವೆ. ಮುದ್ರಣಕ್ಕೂ ಜಾಲತಾಣಕ್ಕೂ, ಟಿಕೆಟ್ ಮಾರುವ ಕಾರ್ಯಕ್ರಮಕ್ಕೂ ಯಾರ ಅನುಮತಿಯೂ ಬೇಡ. ಫಾಂಟ್ ಕಡತವನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ, ಅಷ್ಟೇ. ಇಂಪ್ಯಾಕ್ಟ್ ಹಾಗಲ್ಲ: ನಿಮ್ಮ ಗಣಕಯಂತ್ರದಲ್ಲಿರುವ ಕಡತವನ್ನು ಜಾಲತಾಣಕ್ಕೆ ಏರಿಸಲು ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ. ಜಾಲಪುಟದಲ್ಲಿ ಮತ್ತೊಂದು ಎಚ್ಚರಿಕೆ: ಬ್ರೌಸರ್‌ಗಳು ಶೀರ್ಷಿಕೆಗಳನ್ನು ತಾವಾಗಿಯೇ ದಪ್ಪ ಮಾಡುತ್ತವೆ. ಒಂದೇ ತೂಕವಿರುವ ಆ್ಯಂಟನ್‌ಗೆ ತೂಕ ಸಾಧಾರಣವೆಂದು ಸ್ಪಷ್ಟವಾಗಿ ನಮೂದಿಸದಿದ್ದರೆ, ಹಳೆಯಮೊಳೆಯವರು ಎಚ್ಚರಿಸಿದ ಆ ಕೃತಕ ಊತ ಅಲ್ಲಿಯೂ ಬರುತ್ತದೆ.

ಸಾಲಂತರಕ್ಕೆ ಇಂಗ್ಲಿಷ್‌ನ ಲೆಕ್ಕ ಕನ್ನಡಕ್ಕೆ ನಡೆಯುವುದಿಲ್ಲ. ಆ್ಯಂಟನ್‌ನಲ್ಲಿ ಬರೀ ದೊಡ್ಡಕ್ಷರಗಳಿದ್ದರೆ ಸಾಲುಗಳನ್ನು ಅಕ್ಷರದ ಗಾತ್ರಕ್ಕೆ ಸಮನಾಗಿ ಬಿಗಿಯಾಗಿ ಕೂರಿಸಬಹುದು. ಕನ್ನಡಕ್ಕೆ ಗಾತ್ರದ 1.3 ಪಟ್ಟಿನಿಂದ ಆರಂಭಿಸಿ, ಮೇಲಿನ ಸಾಲಿನಲ್ಲಿ ಒತ್ತೇ ಇಲ್ಲದಿದ್ದರೆ ಮಾತ್ರ ಇಳಿಸಿ. ಸಾಲು ಒಡೆಯುವ ಸ್ಥಳವನ್ನು ಬದಲಾಯಿಸಿಯೂ ಬಹಳಷ್ಟು ಸಾಧಿಸಬಹುದು: ಒತ್ತಕ್ಷರವಿರುವ ಪದ ಕೆಳಗಿನ ಸಾಲಿಗೆ ಬಂದರೆ ಅದರ ಒತ್ತು ಖಾಲಿ ಜಾಗಕ್ಕೆ ಇಳಿಯುತ್ತದೆ. ಎರಡೂ ಸಾಲುಗಳಲ್ಲಿ ಒತ್ತಿದ್ದರೆ, ಕೆಳಗಿನ ಸಾಲನ್ನು ಒಂದು ಅಕ್ಷರದಷ್ಟು ಎಡಕ್ಕೋ ಬಲಕ್ಕೋ ಸರಿಸಿ ಮೇಲಿನ ಒತ್ತು ಕೆಳಗಿನ ಎರಡು ಅಕ್ಷರಗಳ ನಡುವಿನ ಸಂದಿಗೆ ಬರುವಂತೆ ಮಾಡಿ.